ಆಶ್ರಯಧಾಮದ ಚರಿತ್ರೆ: ರಿಜಿಸ್ಟರಿನಿಂದ ಶುರು ಮಾಡಿ

ಪ್ರಶ್ನೆ: ನಾಯಿ, ಬೆಕ್ಕುಗಳ ಪುಟ್ಟ ಆಶ್ರಯಧಾಮವೊಂದಕ್ಕೆ ಮುಂದಿನ ವರ್ಷ 30 ತುಂಬುತ್ತದೆ. ಅದರ ಚರಿತ್ರೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಹಳೆಯ ರಿಜಿಸ್ಟರು, ಬಿಲ್ಲು, ಎರಡು ಆಲ್ಬಂ ಇವೆ. ಸ್ಥಾಪಕರ ಸಂದರ್ಶನದಿಂದ ಶುರು ಮಾಡಲೇ?

ಉತ್ತರ: ಮೊದಲು ರಿಜಿಸ್ಟರು, ಆಮೇಲೆ ಸಂದರ್ಶನ. ಜನರ ನೆನಪಿನಲ್ಲಿ ಉಳಿಯುವುದು ಬದುಕುಳಿದು ಒಳ್ಳೆಯ ಮನೆ ಸೇರಿದ ಪ್ರಾಣಿಗಳು. ಸತ್ತವುಗಳ ಲೆಕ್ಕ ಸಿಗುವುದು ರಿಜಿಸ್ಟರಿನಲ್ಲಿ ಮಾತ್ರ, ಅವನ್ನು ದಯವಿಟ್ಟು ಬಿಡಬೇಡಿ.

ವರ್ಷಕ್ಕೊಂದು ಹಾಳೆ ಮಾಡಿಕೊಳ್ಳಿ. ವರ್ಷದ ಮೊದಲ ದಿನ ಇದ್ದವು, ಆ ವರ್ಷ ಬಂದವು ಎರಡನ್ನೂ ಕೂಡಿಸಿ. ದತ್ತು ಹೋದವು, ಮಾಲೀಕರಿಗೆ ಮರಳಿದವು, ಬೇರೆಡೆಗೆ ಕಳಿಸಿದವು, ಸತ್ತವು, ದಯಾಮರಣ ಕೊಟ್ಟವು, ತಪ್ಪಿಸಿಕೊಂಡವು ಇಷ್ಟನ್ನೂ ಅದರಲ್ಲಿ ಕಳೆಯಿರಿ. 18 ಇದ್ದು, 140 ಬಂದು, 133 ಹೋಗಿದ್ದರೆ ಮುಂದಿನ ವರ್ಷ 25ರಿಂದ ಶುರುವಾಗಬೇಕು. ತಾಳೆಯಾಗದಿದ್ದರೆ ಹುಡುಕಬೇಕಾದ ಜಾಗ ಇವು: ದತ್ತು ಹೋಗಿ ವಾಪಸ್ ಬಂದ ನಾಯಿಯನ್ನು ಮತ್ತೆ ಬರೆದಿರುವುದಿಲ್ಲ, ತಾಯಿಯನ್ನೂ ಐದು ಮರಿಗಳನ್ನೂ ಒಂದೇ ಸಾಲಿನಲ್ಲಿ ಬರೆದು ಒಂದೆಂದು ಎಣಿಸಿರುತ್ತಾರೆ, ಒಳಗೇ ಹುಟ್ಟಿದ ಮರಿಗಳು ಲೆಕ್ಕಕ್ಕೇ ಬಂದಿರುವುದಿಲ್ಲ. ಇಷ್ಟಾದರೂ ವ್ಯತ್ಯಾಸ ಉಳಿದರೆ ಹಾಗೆಯೇ ನಮೂದಿಸಿ, ಹೊಂದಿಸಲು ಹೋಗಬೇಡಿ.

ಬೆಕ್ಕಿನ ಮೊದಲ ನಮೂದು ಯಾವ ದಿನದ್ದೆಂದು ನೋಡಿ, ಬೆಕ್ಕುಗಳು ಶುರುವಿನಿಂದಲೇ ಇದ್ದವೆಂದುಕೊಳ್ಳಬೇಡಿ. ಲಂಡನ್ನಿನ ಬ್ಯಾಟರ್ಸಿ ಆಶ್ರಯಧಾಮ 1860ರಲ್ಲಿ ನಾಯಿಗಳಿಗಾಗಿ ಶುರುವಾಗಿ, ಬೆಕ್ಕುಗಳನ್ನು ತೆಗೆದುಕೊಂಡದ್ದು 1883ರಲ್ಲಿ.

ಸಾವಿನ ಅಂಕಣವನ್ನು ತಾರೀಖಿನ ಜೊತೆಗೇ ಓದಿ. ಎರಡು ವಾರದೊಳಗೆ ಮರಿಗಳೇ ಸಾಲಾಗಿ ಸತ್ತಿದ್ದು, ಪಕ್ಕದಲ್ಲಿ ‘ವಾಂತಿ, ರಕ್ತಭೇದಿ’ ಎಂದಿದ್ದರೆ ಪಾರ್ವೊ (ನಾಯಿಮರಿಗಳನ್ನು ಕೊಲ್ಲುವ, ವೈರಸ್ಸಿನಿಂದ ಬರುವ ಕರುಳಿನ ರೋಗ) ಇರಬಹುದು. ಪರೀಕ್ಷೆಯ ಚೀಟಿ ಸಿಗುವವರೆಗೂ ‘ಇರಬಹುದು’ ಎಂದೇ ಬರೆಯಿರಿ. 1978ರ ಸುಮಾರಿಗೆ ಕಾಣಿಸಿಕೊಂಡ ಈ ವೈರಸ್ ಎರಡು ವರ್ಷದೊಳಗೆ ಜಗತ್ತಿನೆಲ್ಲೆಡೆ ಹಬ್ಬಿತು. ಮಾಮೂಲಿ ಫಿನಾಯಿಲಿಗೆ ಅದು ಜಗ್ಗುವುದಿಲ್ಲ. ಮಲವನ್ನು ಪೂರ್ತಿ ತೊಳೆದು, 1 ಪಾಲು ಬ್ಲೀಚಿಗೆ 32 ಪಾಲು ನೀರು ಬೆರೆಸಿ, ನೆಲವನ್ನು 10 ನಿಮಿಷ ಒದ್ದೆಯಾಗಿಟ್ಟರೆ ಸಾಯುತ್ತದೆ. ಮಲ ಉಳಿದರೆ ಬ್ಲೀಚು ಅದರ ಮೇಲೆಯೇ ಖರ್ಚಾಗಿ ಕೆಲಸ ಕೆಡುತ್ತದೆ. ಆದ್ದರಿಂದ ಅದೇ ತಿಂಗಳ ಬಿಲ್ಲುಗಳನ್ನು ತೆಗೆಯಿರಿ. ಬ್ಲೀಚಿನ ಖರೀದಿ ಏರಿದೆಯೇ? ಲಸಿಕೆ ಬಂತೇ? ಹೊಸ ಮರಿಗಳಿಗೆ ಬೇರೆ ಕೋಣೆ ಕಟ್ಟಿಸಿದರೇ? ಈ ತಾರೀಖುಗಳನ್ನು ಹಿಡಿದುಕೊಂಡು ಸ್ಥಾಪಕರ ಬಳಿ ಹೋದರೆ, ಎಂದೋ ಮರೆತದ್ದೂ ಅವರಿಗೆ ನೆನಪಾಗುತ್ತದೆ.

ಪ್ರಶ್ನೆ: ಆಲ್ಬಮ್ಮಿನ ಫೋಟೊಗಳು ಅಂಟಿಕೊಂಡುಬಿಟ್ಟಿವೆ. ಬಿಡಿಸುವುದು ಹೇಗೆ?

ಉತ್ತರ: ಎಳೆಯಬೇಡಿ, ಮೇಲ್ಪದರ ಸೀಳುತ್ತದೆ. ಮೊದಲು ಇಡೀ ಪುಟದ ಫೋಟೊ ತೆಗೆದುಕೊಳ್ಳಿ. ಬಳಿಕ ಡೆಂಟಲ್ ಫ್ಲಾಸ್ (ಹಲ್ಲಿನ ಸಂದಿ ಶುಚಿ ಮಾಡುವ) ದಾರವನ್ನು ಮೂಲೆಯಿಂದ ಫೋಟೊದ ಹಿಂಬದಿಗೆ ತೂರಿಸಿ, ಗರಗಸ ಆಡಿಸಿದಂತೆ ಮೆಲ್ಲಗೆ ಆಡಿಸಿ. ಬಿಡದಿದ್ದರೆ ಪುಟದಲ್ಲೇ ಇರಲಿ. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಹಿಂಬದಿಯ ಬರಹವನ್ನೂ ಬಿಡಬೇಡಿ. ಥರ್ಮಲ್ ಕಾಗದದ ಬಿಲ್ಲುಗಳಿದ್ದರೆ ಇದಕ್ಕೂ ಮೊದಲು ಅವನ್ನು ಮುಗಿಸಿ, ಅಕ್ಷರ ಮಾಸಿಹೋಗುತ್ತದೆ. ದತ್ತು ಪಡೆದವರ ಹೆಸರು, ವಿಳಾಸವನ್ನು ಒಪ್ಪಿಗೆಯಿಲ್ಲದೆ ಅಚ್ಚು ಹಾಕಬೇಡಿ. ನಾಯಿಯ ಹೆಸರು, ರಿಜಿಸ್ಟರಿನ ಕ್ರಮಸಂಖ್ಯೆ ಸಾಕು.