ನನ್ನ ಕೇಸನ್ನು ಕೆಡಿಸಿದ್ದು ಒಂದು ಓಟಿಪಿ

ವಾಶಿಂಗ್ ಮಶೀನ್ ಕಂಪನಿ ಮೇಲೆ ವಕೀಲರಿಲ್ಲದೆ ಗ್ರಾಹಕರ ಕೋರ್ಟಿಗೆ ಹೋದರೆ ಅವರ ವಕೀಲರ ಮುಂದೆ ವಾದ ಮಾಡೋಕಾಗುತ್ತಾ ಅಂತ ರಾಣೆಬೆನ್ನೂರಿನಿಂದ ಕೇಳಿದ್ದೀರಿ. ನಾನು ಹುಬ್ಬಳ್ಳಿಯವನು. ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಹಾಗೇ ಒಬ್ಬನೇ ನಿಂತಿದ್ದೆ. ನನ್ನದು ಫ್ರಿಜ್ ಕೇಸು.

2022ರ ಏಪ್ರಿಲ್‌ನಲ್ಲಿ 31,500 ರೂಪಾಯಿ ಕೊಟ್ಟು ತಂದಿದ್ದೆ. ಮೂರೇ ತಿಂಗಳಿಗೆ ತಂಪು ಹಿಡಿಯೋದು ನಿಂತಿತು. ಹಾಲು ಒಡೆದರೆ ಹೋಗಲಿ, ಅದರಲ್ಲಿ ಅವ್ವನ ಇನ್ಸುಲಿನ್ ಇತ್ತು. ಮಣ್ಣಿನ ಗಡಿಗೆಗೆ ಒದ್ದೆ ಬಟ್ಟೆ ಸುತ್ತಿ, ಅದರೊಳಗೆ ಇಟ್ಟು ದಿನ ತಳ್ಳಿದೆವು. ನಾಲ್ಕು ಸಲ ದೂರು ಕೊಟ್ಟೆ. ನಾಲ್ಕು ಸಲವೂ ಬಂದು ಗ್ಯಾಸ್ ತುಂಬಿ ಹೋದರು. ಅಂಗಡಿಯವರು ಕಂಪನಿ ಕಡೆ ಕೈ ತೋರಿಸಿದರು, ಕಂಪನಿಯವರು ಬರೀ ಮೆಸೇಜ್ ಕಳಿಸಿದರು.

ನಾನು ಮಾಡಿದ ತಪ್ಪು ಇಲ್ಲಿದೆ, ದಯವಿಟ್ಟು ನಿಧಾನವಾಗಿ ಓದಿ. ಎರಡನೇ ಸಲ ರಿಪೇರಿಗೆ ಬಂದ ಹುಡುಗ ಗ್ಯಾಸ್ ತುಂಬಿದ ಮೇಲೆ, "ಸರ್, ನಿಮ್ಮ ಫೋನಿಗೆ ಒಂದು ಓಟಿಪಿ ಬಂದೈತಿ, ಹೇಳ್ರಿ" ಅಂದ. ಯಾಕಪ್ಪ ಅಂದೆ. "ನಾ ಬಂದು ಹೋಗಿದ್ದಕ್ಕ ಗುರುತು ರೀ, ಇಲ್ಲಾಂದ್ರ ಪಗಾರ ಹಿಡೀತಾರ" ಅಂದ. ಬಾಗಿಲು ತೆಗೆದಾಗ ಒಳಗೆ ಲೈಟು ಹತ್ತಿತ್ತು, ಮೋಟರ್ ಸದ್ದು ಮಾಡ್ತಿತ್ತು, ಫ್ರೀಜರಿಗೆ ಕೈ ಇಟ್ಟರೆ ಸ್ವಲ್ಪ ತಣ್ಣಗಿತ್ತು. ಪಾಪ, ಮಧ್ಯಾಹ್ನದ ಊಟವೂ ಆಗಿರಲಿಲ್ಲ ಅವನಿಗೆ. ನಾಲ್ಕು ಅಂಕಿ ಹೇಳಿಬಿಟ್ಟೆ. ಮೂರನೇ ಸಲವೂ ಹಾಗೇ ಹೇಳಿದೆ. ಆ ಓಟಿಪಿ ಅವನು ಬಂದು ಹೋಗಿದ್ದರ ಗುರುತಲ್ಲ. "ಸಮಸ್ಯೆ ಬಗೆಹರಿದಿದೆ, ನನಗೆ ತೃಪ್ತಿಯಾಗಿದೆ" ಅಂತ ನಾನು ಮಾಡುವ ಸಹಿ ಅದು. ಫ್ರಿಜ್ ನಿಜವಾಗಿ ತಂಪು ಹಿಡಿಯುತ್ತೋ ಇಲ್ಲವೋ ಗೊತ್ತಾಗೋಕೆ ಕನಿಷ್ಠ ಒಂದು ರಾತ್ರಿ ಬೇಕು. ನಾನು ಹತ್ತು ನಿಮಿಷದಲ್ಲಿ ಸಹಿ ಹಾಕಿದ್ದೆ. ಒಂಬತ್ತು ದಿನಕ್ಕೆ ಮತ್ತೆ ಕೆಟ್ಟಾಗಲೂ ಫೋನ್ ಮಾಡಿದೆನೇ ಹೊರತು ಒಂದು ಸಾಲು ಇಮೇಲ್ ಬರೆಯಲಿಲ್ಲ.

ಕೇಸ್ ಹಾಕೋದು ಕಷ್ಟವಾಗಲಿಲ್ಲ. 5 ಲಕ್ಷದೊಳಗಿನ ವಸ್ತುವಿಗೆ ಶುಲ್ಕವೇ ಇಲ್ಲ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಹೆಡ್ ಆಫೀಸ್ ಮುಂಬೈನಲ್ಲಿದ್ದರೂ ನಿಮಗೆ ನಿಮ್ಮ ಜಿಲ್ಲೆ ಹಾವೇರಿಯೇ ಸಾಕು. ಅಂಗಡಿ, ಕಂಪನಿ ಇಬ್ಬರನ್ನೂ ಎದುರುದಾರರು ಮಾಡಿ. ಪ್ರತಿ ತಾರೀಖಿಗೆ ಚಿಗರಿ ಬಸ್ ಹತ್ತಿ ಫೈಲ್ ತೊಡೆ ಮೇಲಿಟ್ಟುಕೊಂಡು ಧಾರವಾಡಕ್ಕೆ ಹೋಗುತ್ತಿದ್ದೆ.

ಕಂಪನಿ ವಕೀಲರು ಜೋರು ಮಾಡಲಿಲ್ಲ, ಬಯ್ಯಲಿಲ್ಲ. ತಮ್ಮ ಕೈಫಿಯತ್ತಿನ, ಅಂದರೆ ಲಿಖಿತ ಉತ್ತರದ, ಜೊತೆ ಎರಡು ಪ್ರಿಂಟೌಟ್ ಇಟ್ಟರು, ಅಷ್ಟೆ. ನನ್ನದೇ ಮೊಬೈಲ್ ನಂಬರ್, ತಾರೀಖು, ಸಮಯ, ಮುಂದೆ "ಗ್ರಾಹಕರು ಖಚಿತಪಡಿಸಿದ್ದಾರೆ" ಅಂತ ಒಂದು ಸಾಲು. ಆಮೇಲೆ ಮತ್ತೆ ಕೆಟ್ಟಿತ್ತು ಅಂತ ಹೇಳಿದೆ. "ಅದಕ್ಕೆ ಕಾಗದ ಇದೆಯಾ?" ಅಂತ ಆಯೋಗದ ಅಧ್ಯಕ್ಷರು ಕೇಳಿದರು. ನನ್ನ ಹತ್ತಿರ ಇರಲಿಲ್ಲ. ಆ ಎರಡು ಹಾಳೆ ಇವತ್ತಿಗೂ ಕಣ್ಣಮುಂದೆ ಬರುತ್ತವೆ.

ಲ್ಯಾಬ್ ಪರೀಕ್ಷೆ ಬೇಕಿಲ್ಲದ ಕೇಸು 3 ತಿಂಗಳಲ್ಲಿ ಮುಗಿಯಬೇಕು ಅನ್ನುತ್ತೆ ಕಾಯ್ದೆ. ನನ್ನದು ಒಂದು ವರ್ಷ ಎರಡು ತಿಂಗಳು ಹಿಡಿಯಿತು. ಪೂರ್ತಿ ದುಡ್ಡು ವಾಪಸ್ ಕೇಳಿದ್ದೆ. ಸಿಕ್ಕಿದ್ದು ಕಂಪ್ರೆಸರ್ ಬದಲಾಯಿಸಿಕೊಡಲು ಆದೇಶ, ಮೇಲೆ 8,000 ರೂಪಾಯಿ. ಅಷ್ಟರಲ್ಲಿ ಅವ್ವನಿಗಾಗಿ ಬೇರೆ ಫ್ರಿಜ್ ತಂದಾಗಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಅಲ್ಲಿ ವಾದಕ್ಕಿಂತ ಕಾಗದದ ಮಾತೇ ಜಾಸ್ತಿ. ನನ್ನ ಜೊತೆ ದೊಡ್ಡ ವಕೀಲರಿದ್ದರೂ ಆ ಎರಡು ಹಾಳೆ ಅಲ್ಲೇ ಇರುತ್ತಿದ್ದವು. ಇಪ್ಪತ್ತು-ಮೂವತ್ತು ಸಾವಿರದ ಮಶೀನಿಗೆ ವಕೀಲರನ್ನು ಇಡಬೇಡಿ, ಫೀಸಿಗೇ ಅರ್ಧ ಹೋಗುತ್ತೆ. ಆಸ್ಪತ್ರೆಯದೋ ಇನ್ಶೂರೆನ್ಸಿನದೋ ಕೇಸ್ ಆಗಿದ್ದರೆ ಇಡಿ ಅಂತಿದ್ದೆ. ದೂರಿನ ಪ್ರತಿ ತಲುಪಿದ ಮೇಲೆ ಉತ್ತರ ಕೊಡೋಕೆ ಕಂಪನಿಯವರಿಗೆ 30 ದಿನ, ಹೆಚ್ಚೆಂದರೆ ಇನ್ನೂ 15. ಅದರ ಮೇಲೆ ಒಂದು ದಿನವೂ ಇಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಕ್ಯಾಲೆಂಡರ್‌ನಲ್ಲಿ ಎಣಿಸಿ, ತಡವಾದರೆ ಎದ್ದು ನಿಂತು ಹೇಳಿ. ತಕರಾರು ಹುಟ್ಟಿ 2 ವರ್ಷ ದಾಟುವ ಮೊದಲು ನೀವೂ ದೂರು ಹಾಕಬೇಕು. ಈಗ ಗ್ರಾಹಕರ ಕೇಸುಗಳಿಗೆಂದೇ ಸರ್ಕಾರ ಮಾಡಿರುವ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಅವರು ಕೊಡುವ ದೂರಿನ ನಂಬರ್ ಕೂಡ ನಿಮ್ಮ ಫೈಲಿಗೆ ಒಂದು ಕಾಗದವೇ. ಬಿಲ್ಲು ಆ ನುಣುಪು ಕಾಗದದ್ದಾಗಿದ್ದರೆ ಇವತ್ತೇ ಜೆರಾಕ್ಸ್ ಮಾಡಿಸಿ, ಅಕ್ಷರ ಅಳಿಸಿ ಹೋಗುತ್ತೆ.

ನೀವು ಓಟಿಪಿ ಕೊಟ್ಟಿದ್ದೀರಾ ಇಲ್ಲವಾ ಅಂತ ಬರೆದಿಲ್ಲ. ಕೊಟ್ಟಿದ್ದರೆ, "ಇಂಥ ದಿನ ರಿಪೇರಿ ಆಯ್ತು, ಇಂಥ ದಿನ ಅದೇ ತೊಂದರೆ ಮತ್ತೆ ಶುರುವಾಯ್ತು" ಅಂತ ಕಂಪನಿಗೆ ಈ ರಾತ್ರಿಯೇ ಇಮೇಲ್ ಕಳಿಸಿ, ಮಶೀನ್ ನಿಂತಿರುವ ವಿಡಿಯೋ ಜೊತೆಗಿರಲಿ.