‘ನೀವು ಅವರ ಜನ ಅಲ್ವಾ?’

ನನ್ನ ಬಳಿ ಸಲಹೆಗೆ ಬಂದವರು ಬ್ಯಾಂಕಿನ ಸ್ಕೇಲ್ ಟು (ಮ್ಯಾನೇಜರ್ ದರ್ಜೆಯ) ಅಧಿಕಾರಿ, ವಯಸ್ಸು 44. ಊರು, ಬ್ಯಾಂಕು ಯಾವುದೆಂದು ಬೇಡ. 2019ರ ಏಪ್ರಿಲ್ 1ಕ್ಕೆ ವಿಜಯಾ, ಮರುವರ್ಷ ಅದೇ ದಿನ ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳು ವಿಲೀನವಾದ ಮೇಲೆ ಕರಾವಳಿಯ ಎಷ್ಟೋ ಮನೆಗಳಲ್ಲಿ ಇಂಥ ಕಥೆ ಇದೆ.

ನಿದ್ದೆ ಇಲ್ಲ ಎಂದು ಬಂದಿದ್ದರು. ಹಳೆಯ ಎಜಿಎಂ, ಅಂದರೆ ಮೇಲಧಿಕಾರಿಯಾಗಿದ್ದ ಅಸಿಸ್ಟೆಂಟ್ ಜನರಲ್ ಮ್ಯಾನೇಜರ್, ಇವರಿಗೆ ಅಣ್ಣನ ಹಾಗೆ. ಇವರ ಮಗನ ಉಪನಯನಕ್ಕೆ ಹಿಂದಿನ ರಾತ್ರಿಯೇ ಬಂದು ತರಕಾರಿ ಹೆಚ್ಚಲು ಕೂತವರು. ಟ್ರಾನ್ಸ್‌ಫರ್ ಇರಲಿ, ಪ್ರಮೋಷನ್ ಇರಲಿ, ‘ನಾನಿದ್ದೇನಲ್ಲ ಮಾರಾಯ’ ಅನ್ನುತ್ತಿದ್ದರು. ವಿಲೀನದಲ್ಲಿ ಆ ಕಚೇರಿಯೇ ಮುಚ್ಚಿತು. ಎಜಿಎಂಗೆ ದೂರದ ರಾಜ್ಯಕ್ಕೆ ವರ್ಗ. ಹೊಸ ಸಾಹೇಬರು ಮೊದಲ ವಾರವೇ ನಗುತ್ತಾ ಕೇಳಿದರಂತೆ, ‘ನೀವು ಅವರ ಜನ ಅಲ್ವಾ?’ ಮುಂದೆ ಪ್ರಮೋಷನ್ ಲಿಸ್ಟಿನಲ್ಲಿ ಇವರ ಹೆಸರಿರಲಿಲ್ಲ.

ಎರಡನೇ ಭೇಟಿಯಲ್ಲಿ ಇನ್ನೊಂದು ವಿಷಯ ಹೊರಬಂತು. ಒಮ್ಮೆ ಹೊಸ ಸಾಹೇಬರು ಎದುರಿಗಿದ್ದಾಗ ಹಳಬರ ಫೋನ್ ಬಂದಿದೆ. ಇವರು ಫೋನನ್ನು ಮಗುಚಿ ಇಟ್ಟಿದ್ದಾರೆ. ಆಮೇಲೂ ಮಾಡಿಲ್ಲ. ‘ಎಂಟು ತಿಂಗಳಾಯ್ತು ಮೇಡಂ’ ಎಂದು ನೆಲ ನೋಡಿದರು.

ಒಂದು ಹಾಳೆ ಕೊಟ್ಟು, ಈ ವರ್ಷ ನೀವು ಮಾಡಿದ ಕೆಲಸ ಬರೆಯಿರಿ ಎಂದೆ. ಮೊದಲ ಸಾಲು: ‘ಸರ್ ಮಾರ್ಗದರ್ಶನದಲ್ಲಿ...’ ಅದನ್ನು ಹೊಡೆದುಹಾಕಿಸಿದೆ. ಹತ್ತು ನಿಮಿಷ ಪೆನ್ನು ಕದಲಲಿಲ್ಲ. ಆಮೇಲೆ ಒಂದೊಂದೇ ಬಂತು. ಸಾಫ್ಟ್‌ವೇರ್ ಬದಲಾದಾಗ ಮೂರು ಭಾನುವಾರ ಶಾಖೆಯಲ್ಲೇ ಕೂತದ್ದು. ಪಾಸ್‌ಬುಕ್ ಹಿಡಿದು ಗಾಬರಿಯಲ್ಲಿ ಬಂದ ಪಿಂಚಣಿದಾರರಿಗೆ ಕೂರಿಸಿ ವಿವರಿಸಿದ್ದು. ಎಪಿಎಆರ್‌ನ, ಅಂದರೆ ವಾರ್ಷಿಕ ಕೆಲಸದ ಮೌಲ್ಯಮಾಪನ ವರದಿಯ, ಸೆಲ್ಫ್ ಅಪ್ರೈಸಲ್‌ನಲ್ಲಿ ಇದ್ಯಾವುದೂ ಇಲ್ಲ! ಅಲ್ಲಿ ಪ್ರತಿ ವರ್ಷ ಎರಡೇ ಸಾಲು. ಬರೆಯುವ ಅಗತ್ಯವೇ ಬಿದ್ದಿರಲಿಲ್ಲ. ಪ್ರೀತಿಯಿಂದಲೇ ಆ ಎಜಿಎಂ ಇವರಿಗೆ ನಷ್ಟ ಮಾಡಿದ್ದರು ಅನಿಸಿತು. ಇವರೆದುರು ಹಾಗೆ ಹೇಳಲಿಲ್ಲ.

ಹೇಳಿದ್ದು ಇಷ್ಟು. ‘ನಾನು ಅವರ ಜನ ಅಲ್ಲ’ ಎಂದು ತೋರಿಸಲು ಹೋಗಬೇಡಿ. ಹಳಬರನ್ನು ದೂರಿದರೆ ಹೊಸಬರಿಗೆ ಖುಷಿಯಾಗಬಹುದು, ನಂಬಿಕೆ ಹುಟ್ಟುವುದಿಲ್ಲ. ಮತ್ತೆ ಕೇಳಿದರೆ, ‘ಹೌದು ಸರ್, ಕೆಲಸ ಕಲಿತಿದ್ದೇ ಅವರ ಹತ್ತಿರ’ ಎಂದುಬಿಡಿ. ಹೊಸ ಸಾಹೇಬರ ಮನೆಗೆ ಸ್ವೀಟ್ ಬಾಕ್ಸ್ ಒಯ್ಯುವುದು ಬೇಡ. ಅದರ ಬದಲು ತಿಂಗಳಿಗೊಮ್ಮೆ ಹತ್ತು ನಿಮಿಷ ಸಮಯ ಕೇಳಿ, ಶಾಖೆಯ ಅಂಕಿ ಮುಂದಿಟ್ಟು ಮಾತಾಡಿ. ಈ ಸಲ ಎಪಿಎಆರ್ ನೀವೇ ಪೂರ್ತಿ ತುಂಬಿ. ಹಳಬರಿಗೆ ಫೋನ್ ಮಾಡಿ, ಪ್ರಮೋಷನ್ ಮಾತೆತ್ತದೆ.

ಪ್ರಮೋಷನ್ ಇನ್ನೂ ಆಗಿಲ್ಲ. ಫೋನ್ ಮಾತ್ರ ಮಾಡಿದರಂತೆ, ಊರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು. ಆ ಕಡೆಯಿಂದ ಮೊದಲು ಬಂದ ಮಾತು, ‘ಮಗ ಈಗ ಎಷ್ಟನೇ ಕ್ಲಾಸು ಮಾರಾಯ?’