40 ಮೀಟರ್ ಬ್ಯಾಂಡ್‌ನಲ್ಲಿ ಸಂಜೆಯಾದರೆ ಬರೀ ಗದ್ದಲ. ರೇಡಿಯೋ ಬದಲಿಸಬೇಕಾ?

ಪ್ರಶ್ನೆ: ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಬಂದಿದೆ. ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಮನೆ. ಟೆರೇಸ್ ಮೇಲೆ 40 ಮೀಟರ್ ಬ್ಯಾಂಡಿಗೆ (7 ಮೆಗಾಹರ್ಟ್ಜ್) ಡೈಪೋಲ್, ಅಂದರೆ ಎರಡು ತೋಳಿನ ತಂತಿ ಆಂಟೆನಾ, ಕಟ್ಟಿದ್ದೇನೆ. ಸಂಜೆಯಾದರೆ ಎಸ್ ಮೀಟರ್ (ಸಿಗ್ನಲ್ ಎಷ್ಟು ಗಟ್ಟಿ ಅಂತ ತೋರಿಸುವುದು) 9ರ ಮೇಲೆ ನಿಂತುಬಿಡುತ್ತದೆ, ಯಾರ ಮಾತೂ ಕೇಳಿಸುವುದಿಲ್ಲ. ಒಳ್ಳೆಯ ಫಿಲ್ಟರ್ ಇರುವ ದುಬಾರಿ ರೇಡಿಯೋ ತಗೊಂಡರೆ ಸರಿಹೋಗುತ್ತಾ?

ಸರಿಹೋಗಲ್ಲ. ದುಡ್ಡು ಕೈಯಲ್ಲೇ ಇರಲಿ. ನಿಮಗೆ ಬೇಕಾದ ಸ್ಟೇಷನ್ 7 ಮೆಗಾಹರ್ಟ್ಜ್‌ನಲ್ಲಿದೆ, ಗದ್ದಲವೂ ಅದೇ 7 ಮೆಗಾಹರ್ಟ್ಜ್‌ನಲ್ಲಿದೆ. ಎರಡೂ ಒಂದೇ ಕಡೆ ಕೂತಿರುವಾಗ ಎಷ್ಟೇ ದುಬಾರಿ ಫಿಲ್ಟರ್ ಆದರೂ ಏನು ಮಾಡೀತು? ಗದ್ದಲ ಹುಟ್ಟುವ ಜಾಗ ಹುಡುಕಿ, ಅಲ್ಲೇ ಅದರ ಬಾಯಿ ಮುಚ್ಚಿಸಬೇಕು. ನಾನು ಕೇಶ್ವಾಪುರದಲ್ಲಿ ಇರುವವನು. ಒತ್ತೊತ್ತಾಗಿ ಮನೆಗಳಿರುವ ಓಣಿ. ಹಾಗಾಗಿ ಈ ಕಾಟ ಚೆನ್ನಾಗಿ ಗೊತ್ತು.

ಮೊದಲು ಒಂದು ಲೆಕ್ಕ. ಎಸ್ ಮೀಟರ್‌ನಲ್ಲಿ ಒಂದು ಯೂನಿಟ್ ಅಂದರೆ 6 ಡೆಸಿಬೆಲ್, ಅಂದರೆ ಪವರ್ ಲೆಕ್ಕದಲ್ಲಿ 4 ಪಟ್ಟು. ಗದ್ದಲವನ್ನು ಎಸ್9ರಿಂದ ಎಸ್6ಕ್ಕೆ ಇಳಿಸಿದರೆ ಸುಮಾರು 64 ಪಟ್ಟು ಲಾಭ. ಆ ಕಡೆ 50 ವ್ಯಾಟ್‌ನಲ್ಲಿ ಮಾತಾಡುವವರು 3,200 ವ್ಯಾಟ್ ಹಾಕಿದಷ್ಟೇ ಗಟ್ಟಿಯಾಗಿ ಕೇಳಿಸುತ್ತಾರೆ. ಯಾವ ಆಂಪ್ಲಿಫೈಯರ್ ಇಷ್ಟು ಕೊಡುತ್ತೆ ಹೇಳಿ? ಹಾಗಂತ ಎಸ್ ಮೀಟರ್ ಸೊನ್ನೆಗೆ ಬರುತ್ತದೆ ಅಂತ ಕಾಯಬೇಡಿ. ಜನವಸತಿ ಇರುವ ಊರೊಳಗೆ 40 ಮೀಟರ್‌ನಲ್ಲಿ ಎಸ್5, ಎಸ್6 ಸಹಜ. ಊರಾಚೆ ಹೊಲದ ಮನೆಯಲ್ಲಿ ಎಸ್2, ಎಸ್3 ಸಿಗಬಹುದು.

ಈಗ ಕೆಲಸಕ್ಕೆ ಬರೋಣ. ಗದ್ದಲ ಇರುವ ಹೊತ್ತಿನಲ್ಲಿ ಆಂಟೆನಾ ಕೇಬಲ್ ಬಿಚ್ಚಿ. ಮೀಟರ್ ಕೆಳಗೆ ಬಿದ್ದರೆ ಅದು ಹೊರಗಿನಿಂದ ಬರುತ್ತಿದೆ. ಬೀಳದಿದ್ದರೆ ನಿಮ್ಮ ರೇಡಿಯೋದ ಪವರ್ ಸಪ್ಲೈ ಮೇಲೇ ಮೊದಲ ಅನುಮಾನ ಪಡಿ.

ನಂತರ ರೇಡಿಯೋವನ್ನು 12 ವೋಲ್ಟ್ ಬ್ಯಾಟರಿಗೆ ಹಾಕಿ, ಮೀಟರ್ ಬೋರ್ಡ್‌ನಲ್ಲಿ ಮೇನ್ ಸ್ವಿಚ್ ಆಫ್ ಮಾಡಿ. ಇಲ್ಲಿ ಬಹಳ ಜನ ಯುಪಿಎಸ್ ಮರೆಯುತ್ತಾರೆ. ಮೇನ್ ತೆಗೆದ ಕೂಡಲೇ ಮೂಲೆಯಲ್ಲಿರುವ ಯುಪಿಎಸ್ ತಾನೇ ಶುರುವಾಗುತ್ತದೆ, ಲೈಟು, ರೌಟರ್ ಎಲ್ಲ ನಡೆಯುತ್ತಲೇ ಇರುತ್ತವೆ. ಅದರ ಮೇಲೆ ಯುಪಿಎಸ್‌ದೇ ಗದ್ದಲ ಬೇರೆ. ಅದನ್ನೂ ಆಫ್ ಮಾಡಿದಾಗಲೇ ಮನೆ ನಿಜವಾಗಿ ಸುಮ್ಮನಾಗುವುದು. ಆಗ ಗದ್ದಲ ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಎಂಸಿಬಿಗಳನ್ನು (ಬೋರ್ಡಿನಲ್ಲಿರುವ ಸಣ್ಣ ಸ್ವಿಚ್‌ಗಳು) ಒಂದೊಂದಾಗಿ ಹಾಕುತ್ತ ಬನ್ನಿ. ಯಾವುದನ್ನು ಹಾಕಿದಾಗ ಗದ್ದಲ ಎದ್ದಿತೋ ಆ ಕೋಣೆಯ ಪ್ಲಗ್‌ಗಳನ್ನು ಒಂದೊಂದೇ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕೀಳಬೇಕು. ಸಾಮಾನ್ಯವಾಗಿ ಸಿಗುವವರು ಇವರೇ: ಅಗ್ಗದ ಮೊಬೈಲ್ ಚಾರ್ಜರ್, ಸಿಸಿಟಿವಿ ಅಡಾಪ್ಟರ್, ಸೆಟ್‌ಟಾಪ್ ಬಾಕ್ಸ್, ಎಲ್‌ಇಡಿ ಬಲ್ಬು, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್. ಚಾರ್ಜ್‌ಗೆ ಹಾಕಿ ಮರೆತ ಸೊಳ್ಳೆ ಬ್ಯಾಟನ್ನೂ ನೋಡಿಬಿಡಿ.

ಎಲ್‌ಇಡಿ ಬಲ್ಬು ಯಾಕೆ ಇಷ್ಟು ಗದ್ದಲ ಮಾಡುತ್ತದೆ ಅಂತ ನೋಡಬೇಕಿದ್ದರೆ, ಕೆಟ್ಟುಹೋದ ಒಂದು ಅಗ್ಗದ ಬಲ್ಬನ್ನು ಬಿಚ್ಚಿ ನೋಡಿ. ನನ್ನ ಮೇಜಿನ ಮೇಲೆ ಅಂಥದ್ದೊಂದು ಬೋರ್ಡ್ ಇದೆ. ಕರೆಂಟ್ ಒಳಗೆ ಬರುವ ಜಾಗದಲ್ಲಿ 'ಎಲ್1' ಅಂತ ಬಿಳಿ ಅಕ್ಷರದಲ್ಲಿ ಅಚ್ಚಾಗಿದೆ. ಅಲ್ಲಿ ಫಿಲ್ಟರ್ ಕಾಯಿಲ್ ಇರಬೇಕಿತ್ತು. ಅದರ ಬದಲು ಒಂದು ತುಂಡು ತಂತಿ ಹಾಕಿ ಬೆಸುಗೆ ಮಾಡಿದ್ದಾರೆ. ಪಕ್ಕದಲ್ಲಿ ಕೆಪ್ಯಾಸಿಟರ್‌ಗೆ ಬಿಟ್ಟ ಎರಡು ತೂತು ಖಾಲಿ. ಡಿಸೈನ್ ಮಾಡಿದವರಿಗೆ ಎಲ್ಲ ಗೊತ್ತಿತ್ತು, ಖರ್ಚು ಉಳಿಸುವವರು ತೆಗೆದುಹಾಕಿದ್ದಾರೆ. ಒಳಗಿನ ಚಿಪ್ ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್-ಆಫ್ ಆಗುತ್ತದೆ. ತಡೆಯುವವರು ಯಾರೂ ಇಲ್ಲದೆ ಆ ಹೊಡೆತವೆಲ್ಲ ಮನೆಯ ವೈರಿಂಗ್‌ಗೆ ಹತ್ತುತ್ತದೆ. ಆಮೇಲೆ ಇಡೀ ವೈರಿಂಗೇ ಒಂದು ಆಂಟೆನಾ. ಎಸ್‌ಡಿಆರ್ (ಕಂಪ್ಯೂಟರ್ ನೆರವಿನ ರೇಡಿಯೋ) ವಾಟರ್‌ಫಾಲ್, ಅಂದರೆ ಸಿಗ್ನಲ್‌ಗಳನ್ನು ಚಿತ್ರವಾಗಿ ತೋರಿಸುವ ಪರದೆ, ಇದ್ದರೆ ಇದನ್ನು ಕಣ್ಣಲ್ಲೇ ನೋಡಬಹುದು. ಸಮ ಅಂತರದಲ್ಲಿ ದಪ್ಪ ದಪ್ಪ ಪಟ್ಟೆಗಳು, ನಿಧಾನವಾಗಿ ಅತ್ತಿತ್ತ ಸರಿಯುತ್ತಿರುತ್ತವೆ.

ಮನೆಯೊಳಗೆ ಏನೂ ಸಿಗಲಿಲ್ಲವಾ? ಹಾಗಿದ್ದರೆ ಹೊರಗೆ ಹೊರಡುವ ಮುಂಚೆ ಕೆಲವು ದಿನ ಗದ್ದಲದ ಹೊತ್ತು ಬರೆದಿಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಕತ್ತಲಾದಾಗ ಶುರುವಾಗಿ ಬೆಳಕು ಹರಿದಾಗ ನಿಲ್ಲುತ್ತಿದ್ದರೆ ಯಾರದೋ ಗೇಟಿನ ಲೈಟು, ಫ್ಲಡ್ ಲೈಟು ಅಥವಾ ಬೀದಿ ದೀಪ. ಬಿಸಿಲಿರುವಾಗ ಮಾತ್ರ ಇದ್ದು ಮೋಡ ಬಂದಾಗ ಬದಲಾಗುತ್ತಿದ್ದರೆ ಸೋಲಾರ್ ಇನ್ವರ್ಟರ್. 2024ರಲ್ಲಿ ಸೂರ್ಯ ಘರ್ ಯೋಜನೆ ಬಂದಮೇಲೆ ಮಾಳಿಗೆ ಮೇಲಿನ ಸೋಲಾರ್ ಜಾಸ್ತಿ ಆಗಿದೆ, ಈ ದೂರೂ ಜಾಸ್ತಿ ಆಗುತ್ತದೆ. ಗಿರಣಿ ತೆರೆದ ಹೊತ್ತಿಗೆ ಬಂದು ಮುಚ್ಚಿದಾಗ ಹೋದರೆ ಮೋಟರ್ ಅಥವಾ ಅದರ ವೇಗ ನಿಯಂತ್ರಿಸುವ ಡ್ರೈವ್. ಗದಗ-ಬೆಟಗೇರಿಯಂಥ ಮಗ್ಗದ ಊರಲ್ಲಿರುವವರೂ ಮೊದಲು ಇದನ್ನೇ ನೋಡಬೇಕು. ಹಗಲು ರಾತ್ರಿ ಒಂದೇ ಸಮ ಇದ್ದರೆ ಸಿಸಿಟಿವಿ, ರೌಟರ್ ಥರದ್ದು. ನಿಮ್ಮದು ಸಂಜೆಯ ಕಾಯಿಲೆ, ಹಾಗಾಗಿ ಲೈಟುಗಳ ಮೇಲೆಯೇ ನನ್ನ ಅನುಮಾನ.

ಏರಿಯಾದಲ್ಲಿ ಕರೆಂಟ್ ಹೋದಾಗ ಎಲ್ಲರೂ ಬೈದುಕೊಳ್ಳುತ್ತಾರೆ, ನೀವು ಓಡಿಹೋಗಿ ರೇಡಿಯೋ ಹಾಕಿ. ಆ ಕ್ಷಣಕ್ಕೆ ಗದ್ದಲ ಸತ್ತರೆ ನೇರ ಕರೆಂಟಿನಲ್ಲಿ ನಡೆಯುವ ವಸ್ತು ಅಥವಾ ಲೈನೇ ಕಾರಣ. ಹಾಗೇ ಉಳಿದರೆ ಯಾರದೋ ಯುಪಿಎಸ್ ಮೇಲೆ ನಡೆಯುವ ವಸ್ತು.

ಹುಡುಕಾಟಕ್ಕೆ ಒಂದು ಸಾದಾ ಪಾಕೆಟ್ ಟ್ರಾನ್ಸಿಸ್ಟರ್ ಸಾಕು. ಮೀಡಿಯಂ ವೇವ್‌ನಲ್ಲಿ ಸ್ಟೇಷನ್ ಇಲ್ಲದ ಜಾಗಕ್ಕೆ ಇಡಿ. ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಜ್‌ನಿಂದ ದೂರ ಇರಲಿ, ನಮ್ಮ ಕಡೆ ಅದು ಬಹಳ ಗಟ್ಟಿ. ಒಳಗಿರುವ ಫೆರೈಟ್ ಕಡ್ಡಿಗೆ (ಆಂಟೆನಾದ ಕೆಲಸ ಮಾಡುವ ಕಪ್ಪು ಕಾಂತೀಯ ಕಡ್ಡಿ) ದಿಕ್ಕು ಗೊತ್ತಾಗುತ್ತದೆ. ರೇಡಿಯೋ ತಿರುಗಿಸುತ್ತ ಹೋಗಿ. ಸದ್ದು ಜೋರಾಗುವ ದಿಕ್ಕು ಸರಿಯಾಗಿ ಗೊತ್ತಾಗುವುದಿಲ್ಲ, ಸದ್ದು ತಟ್ಟನೆ ಕುಗ್ಗುವ ದಿಕ್ಕು ಖಚಿತವಾಗಿ ಗೊತ್ತಾಗುತ್ತದೆ. ಕುಗ್ಗಿದಾಗ ಕಡ್ಡಿಯ ತುದಿ ಗದ್ದಲದ ಕಡೆಗಿರುತ್ತದೆ. ಇನ್ನೊಂದು ಜಾಗಕ್ಕೆ ಹೋಗಿ ಮತ್ತೆ ನೋಡಿದರೆ ಎರಡು ಗೆರೆ ಎಲ್ಲಿ ಕೂಡುತ್ತವೆ ಅಂತ ಅಂದಾಜಾಗುತ್ತದೆ.

ಆದರೆ ಮೀಡಿಯಂ ವೇವ್ ಗದ್ದಲ ಕರೆಂಟ್ ತಂತಿ ಹಿಡಿದು ಬಹಳ ದೂರ ಓಡುತ್ತದೆ. ತಂತಿಯ ಕೆಳಗೆ ನಡೆದರೆ ಎಲ್ಲಾ ಕಡೆ ಜೋರು. ಇದರಿಂದ ಓಣಿ ಗೊತ್ತಾಗುತ್ತದೆ, ಮನೆ ಗೊತ್ತಾಗುವುದಿಲ್ಲ. ಹತ್ತಿರ ಬಂದಂತೆ ಮೇಲಿನ ಫ್ರೀಕ್ವೆನ್ಸಿಗೆ ಹೋಗಬೇಕು. ಮೇಲಕ್ಕೆ ಹೋದಷ್ಟೂ ಗದ್ದಲ ದೂರ ಹೋಗದೆ ಮೂಲದ ಸುತ್ತಲೇ ಉಳಿಯುತ್ತದೆ. ಮೀಡಿಯಂ ವೇವ್‌ನಿಂದ ಶಾರ್ಟ್ ವೇವ್, ಅಲ್ಲಿಂದ 144 ಮೆಗಾಹರ್ಟ್ಜ್. ಕೊನೆಯದಕ್ಕೆ ಅಳತೆ ಟೇಪ್ ತುಂಡು ಮಾಡಿ, ಪಿವಿಸಿ ಪೈಪಿಗೆ ಕಟ್ಟಿದ ಮೂರು ಎಲಿಮೆಂಟಿನ ಯಾಗಿ (ದಿಕ್ಕು ಹಿಡಿಯುವ ಆಂಟೆನಾ) ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ಮಾತು: ಎಫ್‌ಎಂ ವಾಕಿ-ಟಾಕಿ ಹಿಡಿದು ಹೋಗಬೇಡಿ. ಎಫ್‌ಎಂ ಈ ಥರದ ಗದ್ದಲವನ್ನು ಅದುಮಿಬಿಡುತ್ತದೆ. ಎಎಂ ಮೋಡ್ ಇರುವ ರಿಸೀವರ್ ಬೇಕು. ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿ ರಿಸೀವರ್) ಮೊಬೈಲಿಗೆ ಹಾಕಿಕೊಂಡರೂ ನಡೆಯುತ್ತದೆ.

ಮನೆ ಗೊತ್ತಾಯಿತು ಅಂದುಕೊಳ್ಳಿ. ಇಡೀ ಕೆಲಸದಲ್ಲಿ ಕಷ್ಟದ ಭಾಗ ಇದೇ, ಬಾಗಿಲು ಬಡಿಯುವುದು. 'ನಿಮ್ಮ ಲೈಟಿನಿಂದ ನನಗೆ ತೊಂದರೆ' ಅಂತ ಶುರು ಮಾಡಿದರೆ ಅಲ್ಲಿಗೇ ಮುಗಿಯಿತು. ಟ್ರಾನ್ಸಿಸ್ಟರ್ ಕೈಯಲ್ಲಿ ಹಿಡಿದು ಹೋಗಿ, ಅದೇ ಮಾತಾಡಲಿ. ನಮ್ಮ ಓಣಿಯ ಒಬ್ಬ ಹಿರಿಯರ ಮನೆಯ ಗೇಟಿಗೆ ಫ್ಲಡ್ ಲೈಟ್ ಇತ್ತು, ರಾತ್ರಿಯಿಡೀ ಉರಿಯುತ್ತಿತ್ತು.

"ಅಲ್ಲೋ ತಮ್ಮಾ, ನಮ್ಮ ಲೈಟಿಗೂ ನಿನ್ನ ರೇಡಿಯೋಕ್ಕೂ ಏನೋ ಸಂಬಂಧ?"

"ಕಾಕಾ, ಒಂದ ಸಲ ಸ್ವಿಚ್ ಆಫ್ ಮಾಡ್ರಿ. ನೀವ ಕೇಳ್ರಿ."

ಆಫ್ ಮಾಡಿದರು. ಗರ್ರ್ ಅನ್ನುತ್ತಿದ್ದ ರೇಡಿಯೋ ತಣ್ಣಗಾಯಿತು. ಆನ್ ಮಾಡಿದರು, ಮತ್ತೆ ಗರ್ರ್. ಅವರಿಗೇ ಮಜಾ ಅನ್ನಿಸಿ ಸ್ವಿಚ್ ಆಡಿಸುತ್ತಲೇ ನಿಂತರು. "ಎಲಾ ಇವನ! ಚುಮುಚುಮು ಹೊತ್ತಿನ್ಯಾಗ ಧಾರವಾಡ ಸ್ಟೇಷನ್ ಹಚ್ಚಿದರ ಹಿಂಗ ಒದರತಿತ್ತು. ನಮ್ಮ ರೇಡಿಯೋನ ಕೆಟ್ಟೈತಿ ಅಂತ ಮಾಡಿದ್ದೆ." ಬದಲಿ ಲೈಟು ನಾನೇ ತಂದು ಕೊಟ್ಟೆ. ಇದು ಮುಖ್ಯ. ಅವರು ದುಡ್ಡು ಕೊಟ್ಟು ತಂದ ಲೈಟು ಚೆನ್ನಾಗಿಯೇ ಬೆಳಗುತ್ತಿದೆ, ಅವರ ತಪ್ಪೇನೂ ಇಲ್ಲ. ಅವರ ಖರ್ಚಿನಲ್ಲಿ ಬದಲಿಸಿ ಅನ್ನುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ದೂರಸಂಪರ್ಕ ಇಲಾಖೆಯಲ್ಲಿ ವೈರ್‌ಲೆಸ್ ಮಾನಿಟರಿಂಗ್ ವಿಭಾಗ ಇದೆ, ಲೈಸೆನ್ಸ್ ಇರುವವರು ದೂರು ಕೊಡಬಹುದು. ಒಂದು ಲೈಟಿಗಾಗಿ ಅಲ್ಲಿಯವರೆಗೆ ಹೋದರೆ ನಾಳೆ ಓಣಿಯಲ್ಲಿ ಮುಖ ತೋರಿಸುವುದು ಹೇಗೆ? ನಿಮ್ಮ ಟೆರೇಸಿನ ತಂತಿಯೂ ಎಲ್ಲರ ಕಣ್ಣಿಗೆ ಬೀಳುತ್ತಿರುತ್ತದೆ, ಅಲ್ವಾ?

ಬದಲಿಸಲಾಗದ ವಸ್ತುಗಳಿಗೆ ಫೆರೈಟ್ ರಿಂಗ್. ಆನ್‌ಲೈನ್‌ನಲ್ಲಿ ಸಿಗುವ ಸಣ್ಣ ಕ್ಲಿಪ್‌ಗಳನ್ನು ವೈರಿಗೆ ಒಂದು ಸಲ ಸಿಕ್ಕಿಸಿ 'ಏನೂ ಆಗಲಿಲ್ಲ' ಅನ್ನುವವರೇ ಜಾಸ್ತಿ. 7 ಮೆಗಾಹರ್ಟ್ಜ್‌ನಲ್ಲಿ ಒಂದು ಸುತ್ತಿನಿಂದ ಏನೂ ಆಗುವುದಿಲ್ಲ. ತಡೆಯುವ ಶಕ್ತಿ ಸುತ್ತುಗಳ ವರ್ಗದಷ್ಟು ಏರುತ್ತದೆ: 2 ಸುತ್ತಿಗೆ 4 ಪಟ್ಟು, 3 ಸುತ್ತಿಗೆ 9 ಪಟ್ಟು. 31 ನಂಬರ್ ಮಿಕ್ಸ್‌ನ (ಫೆರೈಟ್‌ನ ಒಂದು ಬಗೆ) ದೊಡ್ಡ ರಿಂಗ್ ತಂದು, ಅಡಾಪ್ಟರ್ ವೈರನ್ನು 10-12 ಸುತ್ತು ಸುತ್ತಿದರೆ ಕೆಲವು ಸಾವಿರ ಓಮ್ ತಡೆ ಸಿಗುತ್ತದೆ. ರಿಂಗ್ ಅಡಾಪ್ಟರ್‌ಗೆ ಒತ್ತಿಕೊಂಡಿರಲಿ. ಸಾಧ್ಯವಾದರೆ ಎರಡೂ ಕಡೆಯ ವೈರಿಗೆ ಹಾಕಿ. ಗುಜರಿಯಲ್ಲಿ ಸಿಗುವ ರಿಂಗ್‌ಗಳು ಯಾವ ಮಿಕ್ಸ್ ಅಂತ ಗೊತ್ತಾಗುವುದಿಲ್ಲ, ಅದೃಷ್ಟದ ಆಟ. ಮೇನ್ಸ್‌ಗೆ ಕೆಪ್ಯಾಸಿಟರ್ ಹಾಕಿ ಫಿಲ್ಟರ್ ಮಾಡುವ ಯೋಚನೆ ಇದ್ದರೆ ಮೇನ್ಸ್‌ಗಾಗಿಯೇ ಮಾಡಿದ ಎಕ್ಸ್2, ವೈ2 ಗುರುತಿನವು ಮಾತ್ರ. ಸಾದಾ ಕೆಪ್ಯಾಸಿಟರ್ ಹಾಕಿದರೆ ಬೆಂಕಿಗೆ ಕಾರಣವಾಗಬಹುದು. ಅದಕ್ಕಿಂತ ಡಬ್ಬಿಯಲ್ಲಿ ಬರುವ ರೆಡಿಮೇಡ್ ಲೈನ್ ಫಿಲ್ಟರ್ ವಾಸಿ.

ಇಂಥದ್ದೇ ಒಂದು ರಿಂಗ್ ನಿಮ್ಮ ಡೈಪೋಲ್ ಮಧ್ಯದಲ್ಲಿ, ಕೋಯಾಕ್ಸ್ (ಆಂಟೆನಾ ಕೇಬಲ್) ಕೂಡುವ ಜಾಗದಲ್ಲೂ ಬೇಕು. ಇಲ್ಲದಿದ್ದರೆ ಕೋಯಾಕ್ಸಿನ ಹೊರ ಮೈ ಮನೆಯೊಳಗಿನ ಗದ್ದಲವನ್ನು ಹೊತ್ತು ನೇರ ಆಂಟೆನಾಕ್ಕೆ ಮುಟ್ಟಿಸುತ್ತದೆ. ನಮ್ಮ ಮನೆಯಲ್ಲಿ ಇದೊಂದರಿಂದಲೇ ಮೀಟರ್ ಎರಡು ಯೂನಿಟ್ ಇಳಿಯಿತು. ಡೈಪೋಲನ್ನು ಮಾಳಿಗೆಯ ವೈರುಗಳಿಂದ ಎಷ್ಟು ದೂರ, ಎಷ್ಟು ಎತ್ತರ ಒಯ್ಯಲು ಆಗುತ್ತದೋ ಒಯ್ಯಿರಿ.

ಇನ್ನು ಕರೆಂಟ್ ಕಂಬದ ಗದ್ದಲ. ಎಎಂನಲ್ಲಿ ಕೇಳಿದರೆ 100 ಹರ್ಟ್ಜ್‌ನ ಒರಟು ಗುರ್ರ್ ಸದ್ದು. ಬೇಸಿಗೆಯಲ್ಲಿ ಧೂಳು, ಒಣ ಹವೆಗೆ ಜಾಸ್ತಿ. ಒಂದು ಅಡ್ಡಮಳೆ ಬಂದರೆ ಮಾಯ, ಒಣಗಿದ ಮೇಲೆ ಮತ್ತೆ ಹಾಜರ್. ಹಾಗಾದರೆ ಸಡಿಲವಾದ ಕ್ಲಾಂಪೋ ಜಂಪರೋ ಕಿಡಿ ಹಾರಿಸುತ್ತಿದೆ ಅಂತ ತಿಳಿಯಿರಿ. ಬದಲಿಗೆ ತೇವ ಇದ್ದಾಗಲೇ ಜಾಸ್ತಿಯಾದರೆ ಇನ್ಸುಲೇಟರ್ ಕೊಳೆಯಾಗಿರಬಹುದು. ರೇಡಿಯೋದ ನಾಯ್ಸ್ ಬ್ಲಾಂಕರ್ (ಕ್ಷಣಿಕ ಹೊಡೆತಗಳನ್ನು ಅಳಿಸುವ ಸೌಲಭ್ಯ) ಈ ಗದ್ದಲಕ್ಕೆ ಸ್ವಲ್ಪ ಕೆಲಸ ಮಾಡುತ್ತದೆ, ಎಲ್‌ಇಡಿ ಗದ್ದಲಕ್ಕೆ ಮಾಡುವುದಿಲ್ಲ. ಕಂಬ ಅಲ್ಲಾಡಿಸುವುದು, ಸ್ಟೇ ವೈರ್ ಎಳೆಯುವುದು, ಕಲ್ಲು ಹೊಡೆಯುವುದು ಖಂಡಿತ ಬೇಡ. ಜೀವಕ್ಕೆ ಅಪಾಯ. ಕಂಬದ ನಂಬರ್ ಅಥವಾ ಟಿಸಿ (ಟ್ರಾನ್ಸ್‌ಫಾರ್ಮರ್) ನಂಬರ್ ಬರೆದುಕೊಂಡು ಕರೆಂಟ್ ದೂರಿನ 1912ಕ್ಕೆ ಹೇಳಿ. ಲೈನ್‌ಮನ್ ಸಿಕ್ಕರೆ ಹ್ಯಾಮ್ ರೇಡಿಯೋ ಪುರಾಣ ಬೇಡ, ಟ್ರಾನ್ಸಿಸ್ಟರ್ ಕೇಳಿಸಿ 'ಇಲ್ಲಿ ಲೂಸ್ ಕನೆಕ್ಷನ್ ಇದ್ದಂಗೈತ್ರಿ' ಅನ್ನಿ. ಅವರಿಗೂ ಅದು ಮುಂದೆ ಸುಟ್ಟುಹೋಗುವ ಜಾಗವೇ.

ಧಾರವಾಡ ಕಡೆಯವರಿಗೆ ಒಂದು ಮಾತು. 7 ಮೆಗಾಹರ್ಟ್ಜ್‌ನಲ್ಲಿ ಆಕಾಶವಾಣಿಯ ಹಾಡು ಕೇಳಿಸಿದರೆ ಸ್ಟೇಷನ್ನನ್ನು ಬೈಯಬೇಡಿ. ಸ್ಟೇಷನ್ನಿನ ತಪ್ಪಾಗಿದ್ದರೆ ಹಾಡು ಅದರ 765 ಕಿಲೋಹರ್ಟ್ಜ್‌ನ ಪಟ್ಟುಗಳಲ್ಲಿ ಕೇಳಿಸಬೇಕು. 9 ಪಟ್ಟು 6885, 10 ಪಟ್ಟು 7650. ಹ್ಯಾಮ್ ಬ್ಯಾಂಡ್ 7000ದಿಂದ 7200, ಯಾವುದೂ ಒಳಗೆ ಬೀಳುವುದಿಲ್ಲ. ಗಟ್ಟಿ ಸಿಗ್ನಲ್ಲಿಗೆ ನಿಮ್ಮ ರಿಸೀವರ್ ತತ್ತರಿಸಿರುತ್ತದೆ, ಇಲ್ಲವೇ ಹತ್ತಿರದ ತುಕ್ಕು ಹಿಡಿದ ತಗಡು, ತಂತಿ ಕಿತಾಪತಿ ಮಾಡುತ್ತಿರುತ್ತದೆ. ಮೀಡಿಯಂ ವೇವ್ ತಡೆಯುವ ಹೈಪಾಸ್ ಫಿಲ್ಟರ್ ಹಾಕಿ ನೋಡಿ. ಫಿಲ್ಟರ್ ಉಪಯೋಗಕ್ಕೆ ಬರುವುದು ಇಂಥ ಕಡೆ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಗದ್ದಲ ಉಳಿದು, ಅದು ಒಂದೇ ದಿಕ್ಕಿನಿಂದ ಬರುತ್ತಿದ್ದರೆ, ಕೇಳುವುದಕ್ಕೆ ಮಾತ್ರ ಒಂದು ಮೀಟರ್ ಅಗಲದ ಸಣ್ಣ ಲೂಪ್ ಆಂಟೆನಾ ಮಾಡಿಕೊಳ್ಳಿ. ತಿರುಗಿಸಿ ಆ ಗದ್ದಲವನ್ನು ಬತ್ತಿಸಬಹುದು. ಸ್ಟೇಷನ್ ಸದ್ದೂ ಕಮ್ಮಿಯಾಗುತ್ತದೆ, ಆದರೆ ಗದ್ದಲ ಇನ್ನೂ ಜಾಸ್ತಿ ಕಮ್ಮಿಯಾಗುವುದರಿಂದ ಮಾತು ತಿಳಿಯುತ್ತದೆ. ಟ್ರಾನ್ಸ್‌ಮಿಟ್ ಡೈಪೋಲ್‌ನಲ್ಲೇ ಇರಲಿ. ಮೇನ್ ಸ್ವಿಚ್ ಪರೀಕ್ಷೆ ಮಾಡಿ ಏನಾಯಿತು ಅಂತ ಇಲ್ಲೇ ಬರೆಯಿರಿ. ವಾಟರ್‌ಫಾಲ್ ಫೋಟೋ ಇದ್ದರೆ ಅದನ್ನೂ ಹಾಕಿ, ಪಟ್ಟೆ ನೋಡಿದರೆ ಯಾವ ಜಾತಿಯ ಗದ್ದಲ ಅಂತ ಹೇಳಬಹುದು.